ಅಂಗಡಿಗೆ ಬಂದೂಕು ಬೇಕೋ, ರಾತ್ರಿ ಬೀಟ್ ಬೇಕೋ?

ಬೀದರ್: 2025ರ ಜನವರಿ 16. ಹಾಡಹಗಲೇ ಬೈಕ್ ಮೇಲೆ ಬಂದ ಇಬ್ಬರು ನಮ್ಮ ನಗರದಲ್ಲಿ ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು. ಒಬ್ಬರ ಜೀವ ಹೋಯಿತು. ಮರುದಿನವೇ ಉಳ್ಳಾಲ ಬಳಿಯ ಕೋಟೆಕಾರಿನಲ್ಲಿ ಸಹಕಾರಿ ಬ್ಯಾಂಕ್ ದರೋಡೆ. ಇಂಥ ಸುದ್ದಿ ಬಂದಾಗಲೆಲ್ಲ ಬಜಾರಿನಲ್ಲಿ ಒಂದು ಮಾತು ಎದ್ದೇ ಏಳುತ್ತೆ: "ನಮಗೂ ಒಂದು ಗನ್ ಲೈಸೆನ್ಸ್ ಕೊಡಿಸ್ರಿ."

ಭಯ ಸುಳ್ಳಲ್ಲ. ಆದರೆ ಬಂದೂಕು ಇದ್ದರೆ ಕಳ್ಳ ಹೆದರ್ತಾನಾ?

ಮೊದಲು ಕಾನೂನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಹಕ್ಕಲ್ಲ, ಪರವಾನಗಿ. ಅರ್ಜಿ ಕೊಟ್ಟ ಮೇಲೆ ಪೊಲೀಸ್ ವರದಿ ಬರಬೇಕು. 2019ರ ತಿದ್ದುಪಡಿ ಬಳಿಕ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಇಲ್ಲ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತೆ. "ಕೊಡಗಿನಲ್ಲಿ ಇಲ್ವಾ?" ಅಂತ ಕೇಳಬಹುದು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಅಲ್ಲಿನ ಸಂಪ್ರದಾಯಕ್ಕೆ ಸೇರಿದ್ದು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಂಗಡಿ ಕಾಯೋಕೆ ಕೊಟ್ಟದ್ದಲ್ಲ.

ಇನ್ನು ವಾಸ್ತವ. ರಾತ್ರಿ ಎರಡಕ್ಕೆ ಶಟರ್ ಮುರಿಯುವಾಗ ಮಾಲೀಕರು ಮನೇಲಿ ಮಲಗಿರ್ತಾರೆ. ಗನ್ ಗಲ್ಲಾದಲ್ಲಿದ್ದರೆ ಹಣದ ಜೊತೆ ಅದೂ ಹೋಗುತ್ತೆ. ಹಗಲು ಬಂದವನ ಕೈಯಲ್ಲಿ ಪಿಸ್ತೂಲು ಆಗಲೇ ಹೊರಗಿರುತ್ತೆ, ನಿಮ್ಮದು ಡ್ರಾನಲ್ಲಿ.

ಹಾಗಂತ ಜನ ಕೈಕಟ್ಟಿ ಕೂರಬೇಕಿಲ್ಲ. ಜೀವಕ್ಕೆ, ಆಸ್ತಿಗೆ ಅಪಾಯ ಬಂದಾಗ ಅಗತ್ಯವಿದ್ದಷ್ಟೇ ಬಲ ಬಳಸಿ ಆತ್ಮರಕ್ಷಣೆ ಮಾಡಿಕೊಳ್ಳಲು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವಕಾಶ ಇದೆ. ಕಣ್ಣೆದುರೇ ದರೋಡೆಯಂಥ ಗಂಭೀರ ಅಪರಾಧ ನಡೆದರೆ ಸಾಮಾನ್ಯ ನಾಗರಿಕರೂ ಆರೋಪಿಯನ್ನು ಹಿಡಿಯಬಹುದು. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಕಂಬಕ್ಕೆ ಕಟ್ಟಿ ಹೊಡೆಯುವ ಹಕ್ಕು ಯಾರಿಗೂ ಇಲ್ಲ.

ಈ ಗೆರೆ ದಾಟಿದರೆ ಏನಾಗುತ್ತೆ ಅಂತ ನಮ್ಮ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. 2018ರ ಜುಲೈನಲ್ಲಿ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನೇ ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದರು. ಗುಂಪು ಹೊಡೆದ ಏಟಿಗೆ ಹೈದರಾಬಾದಿನ ಯುವಕನೊಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯ. ಆ ದಿನ ಗುಂಪಿನ ಕೈಯಲ್ಲಿ ಬಂದೂಕುಗಳೂ ಇದ್ದಿದ್ದರೆ?

ಮಾಡಬಹುದಾದ ಕೆಲಸ ಬೇರೆ ಇವೆ. ಅಂಗಡಿ ಕ್ಯಾಮೆರಾಗಳಲ್ಲಿ ಒಂದಾದರೂ ರಸ್ತೆ ಕಡೆ ಇರಲಿ, ರೆಕಾರ್ಡಿಂಗ್ ಆಗ್ತಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ರಾತ್ರಿ ಗಲ್ಲಾದಲ್ಲಿ ಹಣ ಬಿಡಬೇಡಿ. ಅನುಮಾನ ಬಂದರೆ ಗ್ರೂಪಿಗೆ ಹಾಕುವ ಮೊದಲು 112ಕ್ಕೆ ಫೋನ್ ಮಾಡಿ. 2025ರಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಯೋಜನೆಯಡಿ ನಿಮ್ಮ ಓಣಿಯ ಬೀಟ್ ಪೊಲೀಸರು ಯಾರು ಅಂತ ಕೇಳಿ, ನಂಬರ್ ಇಟ್ಟುಕೊಳ್ಳಿ.

ಪೊಲೀಸರೂ ಉತ್ತರ ಕೊಡಬೇಕು. ಬಜಾರಿಗೆ ರಾತ್ರಿ ಎಷ್ಟು ಸಲ ಬೀಟ್ ಬರುತ್ತೆ, ಎಷ್ಟು ಜನ ಇದ್ದಾರೆ? ವ್ಯಾಪಾರಿಗಳು ಒಟ್ಟಾಗಿ ಅರ್ಜಿ ಕೊಡೋದಾದರೆ ಗನ್ ಲೈಸೆನ್ಸಿಗಲ್ಲ, ಇದಕ್ಕೆ ಕೊಡಿ.