ಕೈಯಲ್ಲಿ ಬೆಳಕಿಲ್ಲದೆ ಹೊಸ್ತಿಲು ದಾಟಬೇಡಿ

ಒಂದು ಟಾರ್ಚಿನ ವಿಷಯಕ್ಕೆ ಪತ್ರಿಕೆಯಲ್ಲಿ ಇಷ್ಟು ಜಾಗವೇ ಎಂದು ನಗುವವರು ನಗಲಿ. ಅವರು ಯಾರೆಂದು ನಾವು ಬಲ್ಲೆವು. ಬೀದಿದೀಪವಿರುವ ಬಡಾವಣೆಯಲ್ಲಿ ಮನೆ ಕಟ್ಟಿ, ಕಾರಿನ ದೀಪದ ಹಿಂದೆ ಕುಳಿತು ಊರು ಸುತ್ತುವವರು. ರಾತ್ರಿ ಪಾಳಿ ಮುಗಿಸಿ ನಾಲೆ ಏರಿಯ ಮೇಲೆ ಸೈಕಲ್ ತಳ್ಳುತ್ತ ಹೋಗುವ ಕಾರ್ಮಿಕ ನಗುವುದಿಲ್ಲ. ಸಂತೆ ಮುಗಿಸಿ, ಕಡೆಯ ಬಸ್ಸಿಳಿದು, ಮೂಟೆ ಹೊತ್ತು ನಡೆಯುವ ಸಣ್ಣ ವ್ಯಾಪಾರಿ ನಗುವುದಿಲ್ಲ. ನಡುರಾತ್ರಿ ಕರೆಂಟು ಬಂತೆಂದು ಎದ್ದು ಗದ್ದೆಗೆ ನೀರು ಕಟ್ಟಲು ಓಡುವವನ ಹೆಂಡತಿಯಂತೂ ನಗುವುದೇ ಇಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಕತ್ತಲೆಯನ್ನೇ ನೋಡಿ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ನಾಲೆಗಳ ಏರಿಯೇ ಎಷ್ಟೋ ಹಳ್ಳಿಗಳಿಗೆ ದಾರಿ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜೀವಗಳು ಹೋದವು. ಅದು ಹಾಡಹಗಲು. ಹಗಲಲ್ಲೇ ಬಸ್ಸು ನುಂಗಿದ ನಾಲೆ ರಾತ್ರಿ ಕಾಲುನಡಿಗೆಯವನನ್ನು ಬಿಟ್ಟೀತೆ? ಕೃಷ್ಣರಾಜಪೇಟೆ ಕಡೆಯ ಕಬ್ಬಿನ ಗದ್ದೆಯೊಳಗೆ ಚಿರತೆ ಮರಿ ಹಾಕುವುದು ಹೊಸ ಸುದ್ದಿಯಲ್ಲ. ನಾಗಮಂಗಲದ ಬೆದ್ದಲು ಹೊಲಗಳಲ್ಲಿ ಕೊಳವೆಬಾವಿ ಊರಿಂದ ದೂರ. ದಾರಿಯೆಲ್ಲ ಕಲ್ಲು, ಮುಳ್ಳು, ಪೊದೆ.

ಎಲ್ಲಕ್ಕಿಂತ ದೊಡ್ಡ ಭಯ ಹಾವಿನದು. 2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಹಳ್ಳಿಗಾಡಿನವರು. ಅರ್ಧದಷ್ಟು ಸಾವು ಮಳೆಗಾಲದ ನಾಲ್ಕು ತಿಂಗಳಲ್ಲಿ. ಕೊಳಕುಮಂಡಲ ತೆವರಿಯ ಹುಲ್ಲಿನಲ್ಲಿ ಒಣ ಎಲೆಯಂತೆ ಬಿದ್ದಿರುತ್ತದೆ. ಕಟ್ಟುಹಾವು ಇರುಳಿನಲ್ಲೇ ಹರಿದಾಡುತ್ತದೆ. ಹಾವು ನಮ್ಮನ್ನು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಕಾಣದೆ ತುಳಿದವರನ್ನು ಕಚ್ಚುತ್ತದೆ. ಕಾಣುವಂತೆ ಮಾಡುವುದೇ ಟಾರ್ಚಿನ ಕೆಲಸ.

“ಫೋನಿನಲ್ಲೇ ದೀಪವಿದೆಯಲ್ಲ, ಇನ್ನೊಂದು ಯಾಕೆ?” ಎಂದು ನಮ್ಮ ಹುಡುಗರು ಕೇಳುತ್ತಾರೆ. ಕೇಳಲಿ, ಉತ್ತರ ಹೇಳುತ್ತೇವೆ. ಫೋನಿನ ಬೆಳಕು ಕಾಲಬುಡದಲ್ಲೇ ಚೆಲ್ಲಿ ಸಾಯುತ್ತದೆ; ನಾಲ್ಕು ಹೆಜ್ಜೆ ಆಚೆಯದನ್ನು ತೋರಿಸುವುದಿಲ್ಲ. ಗದ್ದೆಯ ನೀರಿಗೆ ಬಿದ್ದರೆ ದೀಪವೂ ಹೋಯಿತು, ಫೋನೂ ಹೋಯಿತು. ದಾರಿಯುದ್ದಕ್ಕೂ ದೀಪ ಉರಿಸಿ ಚಾರ್ಜು ತೀರಿದ ಮೇಲೆ ಅವಘಡವಾದರೆ 108ಕ್ಕೆ ಕರೆ ಮಾಡುವುದು ಯಾವುದರಿಂದ? ಫೋನು ಕೂಗಿ ಕರೆಯುವುದಕ್ಕಿರಲಿ, ದಾರಿ ನೋಡುವುದಕ್ಕೆ ಟಾರ್ಚು ಇರಲಿ.

ಟಾರ್ಚೆಂದರೆ ಯಾವುದೋ ಒಂದಲ್ಲ. ಜಾತ್ರೆಯಲ್ಲಿ ಕೊಂಡ ಆಟದ ಸಾಮಾನು ಮೂರನೆಯ ವಾರ ಕೈಕೊಟ್ಟರೆ ಅದು ದೀಪವಲ್ಲ, ಮೋಸ. ಬೆಳಕು ಇಪ್ಪತ್ತು ಮೂವತ್ತು ಹೆಜ್ಜೆ ದೂರ ಬೀಳಬೇಕು. ಗುಂಡಿ ಒದ್ದೆ ಕೈಗೂ ಸಿಗಬೇಕು. ಮಳೆ ತಡೆಯಬೇಕು. ಚಾರ್ಜಿನದಾದರೆ ಕರೆಂಟು ಇರುವಾಗಲೇ ತುಂಬಿಸಿಡಿ. ಸೆಲ್ಲಿನದಾದರೆ ಹಳೆಯದರ ಜೊತೆ ಹೊಸದನ್ನು ಸೇರಿಸಬೇಡಿ, ಬಹುದಿನ ಬಳಸದಿದ್ದರೆ ತೆಗೆದಿಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಗಾಡಿಗಳೂ ಟ್ರೈಲರುಗಳೂ ರಸ್ತೆ ತುಂಬ. ಎದುರಿನವನ ಕಣ್ಣಿಗೆ ಹೊಡೆಯದೆ ನೆಲಕ್ಕೆ ಬೆಳಕು ಹಿಡಿಯಿರಿ. ಅಂಗಡಿಯ ಬಂಧುಗಳಿಗೂ ಒಂದು ಮಾತು: ನಿಮ್ಮ ಗಿರಾಕಿ ನಿಮ್ಮ ಊರಿನವನೇ. ಎರಡು ರೂಪಾಯಿ ಲಾಭದ ಆಸೆಗೆ ಅವನ ಕೈಗೆ ಕತ್ತಲೆ ಮಾರಬೇಡಿ.

ಇಷ್ಟು ಹೇಳಿ ಸುಮ್ಮನಾದರೆ ನಾವೂ ಸರಕಾರಿ ಕರಪತ್ರ ಬರೆದಂತಾಗುತ್ತದೆ. “ಟಾರ್ಚು ಹಿಡಿದು ನಡೆಯಿರಿ, ಬೂಟು ಹಾಕಿಕೊಳ್ಳಿ” ಎಂಬ ಉಪದೇಶ ಸರಿಯೇ. ಆದರೆ ಈ ಜನರನ್ನು ಕತ್ತಲೆಗೆ ನೂಕಿದವರು ಯಾರು? ಇಂದಿನ ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಕಾವೇರಿ ನಮ್ಮದು, ಬೆಳಕು ಅವರದು! ನೂರಿಪ್ಪತ್ತು ವರ್ಷ ಕಳೆದರೂ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿಯ ಸರದಿಗೆ ಬಿದ್ದರೆ ರೈತ ನಿದ್ದೆಗೆಟ್ಟು ಗದ್ದೆಗೆ ಇಳಿಯಬೇಕು. 1948ರ ಕಾರ್ಖಾನೆ ಕಾನೂನು, ಕಾರ್ಮಿಕರು ದುಡಿಯುವ ಮತ್ತು ಓಡಾಡುವ ಜಾಗದಲ್ಲೆಲ್ಲ ಸಾಕಷ್ಟು ಬೆಳಕಿರಬೇಕೆಂದು ತನ್ನ 17ನೆಯ ಕಲಮಿನಲ್ಲಿ ಬರೆಯಿತು. ಆದರೆ ಅದೂ ಗೇಟಿನ ಒಳಗೆ. ಗೇಟಿನ ಹೊರಗೆ ಅದೇ ಕಾರ್ಮಿಕನ ಕಾಲು ಯಾರ ಪಾಲಿಗೆ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ರಾತ್ರಿ ಪಾಳಿಯವನಿಗೂ ಕಬ್ಬು ಕಡಿಯುವವನಿಗೂ ಆಲೆಮನೆಯ ಆಳಿಗೂ ಕುಡುಗೋಲಿನಂತೆ ಟಾರ್ಚೂ ಕೆಲಸದ ಸಲಕರಣೆ. ಅದನ್ನು ಕೆಲಸ ಕೊಡುವವನೇ ಕೊಡಿಸಬೇಕು. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಬೇಕು. ನಾಲೆ ಏರಿಗೆ ತಡೆಗೋಡೆ, ತಿರುವುಗಳಿಗೆ ದೀಪ ಬೇಕು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಸಾರಿದೆ; ಲೆಕ್ಕ ಬರೆದರೆ ಸಾಲದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಮದ್ದು ಸಿಗಬೇಕು, ಅದನ್ನು ಕೊಡುವ ವೈದ್ಯರಿರಬೇಕು.

ಇವೆಲ್ಲ ಹೋರಾಡಿ ಪಡೆಯಬೇಕಾದವು. ಇಂದು ರಾತ್ರಿಯೊಳಗೆ ಬರುವುದಿಲ್ಲ. ಆದರೆ ಪಾಳಿಗೆ ಹೋಗಬೇಕಾದದ್ದು ಇಂದು ರಾತ್ರಿಯೇ. ಸಂಗಾತಿಗಳೇ, ಒಂದು ದಿನದ ಕೂಲಿ ಹೋದರೂ ಸರಿ, ಒಳ್ಳೆಯ ಟಾರ್ಚು ಕೊಳ್ಳಿ. ಹೊರಡುವ ಮುನ್ನ ಒಮ್ಮೆ ಹೊತ್ತಿಸಿ ನೋಡಿ. ನಾಳೆ ಬೇಡಿಕೆಯ ಪತ್ರಕ್ಕೆ ಸಹಿ ಹಾಕಲು ನೀವು ಮನೆಗೆ ಕ್ಷೇಮವಾಗಿ ಮರಳಿರಬೇಕು.