ಆಟ ಬಲ್ಲವರೂ ಸೋಲುವ ಲೆಕ್ಕ

2023ರ ಸೆಪ್ಟೆಂಬರ್ 20ರಂದು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ವಾಲಿಬಾಲ್‌ನಲ್ಲಿ ಭಾರತದ ಹುಡುಗರು ದಕ್ಷಿಣ ಕೊರಿಯಾ ಎದುರು ಕಣಕ್ಕಿಳಿದರು. ಆಗಿನ ವಿಶ್ವ ಕ್ರಮಾಂಕದಲ್ಲಿ ಕೊರಿಯಾ 27ನೆಯದು, ನಾವು 73. ಏಷ್ಯನ್ ಗೇಮ್ಸ್ ಚಿನ್ನವನ್ನು ಅವರು ಮೂರು ಸಲ ಗೆದ್ದಿದ್ದಾರೆ, 2018ರಲ್ಲಿ ಬೆಳ್ಳಿ. ಅಂದು ಗೆದ್ದದ್ದು ಭಾರತ: 25–27, 29–27, 25–22, 20–25, 17–15. ಅಮಿತ್ ಹೊಡೆದ ಹೊಡೆತಗಳನ್ನು, ನಮ್ಮ ರಾಜ್ಯದ ಅಶ್ವಲ್ ರೈ ನೆಟ್ ಬಳಿ ನಿಂತು ಆಡಿದ ರೀತಿಯನ್ನು ಕಂಡವರು ಮರೆಯಲಾರರು. ಈಗ ಆ ಐದು ಸೆಟ್‌ಗಳ ಅಂಕಗಳನ್ನು ಕೂಡಿಸಿ ನೋಡಿ. ಭಾರತ 116. ಕೊರಿಯಾ 116.

ಎರಡೂವರೆ ಗಂಟೆಗೂ ಹೆಚ್ಚು ಕಾಲ ಆಡಿದ ಮೇಲೆ ಎರಡು ತಂಡಗಳ ನಡುವೆ ಒಂದೇ ಒಂದು ಅಂಕದ ಅಂತರವೂ ಇರಲಿಲ್ಲ. ಆದರೂ ಒಬ್ಬರು ಗೆದ್ದರು, ಇನ್ನೊಬ್ಬರು ಸೋತರು. ಆ ದಿನ ಪಂದ್ಯಕ್ಕೆ ಮೊದಲು ಗೆಲ್ಲುವವರು ಯಾರೆಂದು ಆಟವನ್ನು ಚೆನ್ನಾಗಿ ಬಲ್ಲ ಯಾರನ್ನೇ ಕೇಳಿದ್ದರೂ ಕೊರಿಯಾ ಎನ್ನುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಅದರ ಮೇಲೆ ದುಡ್ಡು ಕಟ್ಟುವುದು ಬೇರೆಯೇ ಮಾತು.

ನಾನು ಕುಂದಾಪುರ ಕಡೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಸ್ಕೋರ್ ಶೀಟ್ ಬರೆಯುವುದು ನನಗೆ ಅತ್ಯಂತ ಪ್ರೀತಿಯ ಕೆಲಸ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಒಳ್ಳೆಯ ಲಿಫ್ಟರ್, ಬಾಲ್ ಎತ್ತಿಕೊಡುವಾಗ ಎದುರಿನ ಬ್ಲಾಕರ್‌ಗಳಿಗೆ ಕೊನೆಯ ಗಳಿಗೆಯವರೆಗೂ ಸುಳಿವು ಕೊಡದ ಕೈ. ಮೊಬೈಲಿನಲ್ಲಿ ಯಾರೋ ಬೆಟ್ಟಿಂಗ್ ಐಡಿ ಮಾಡಿಕೊಟ್ಟಿದ್ದರು. ಪೋಲೆಂಡ್, ಇಟಲಿ, ಟರ್ಕಿಯ ಲೀಗ್‌ಗಳ ಮೇಲೆ ಕಟ್ಟುತ್ತಿದ್ದ. ಆಗಲೇ ಮೀಟರ್ ಬಡ್ಡಿಗೆ ಸಾಲ ಮಾಡಿದ್ದ. ಅವನ ಪ್ರಶ್ನೆ ಒಂದೇ: "ಮಾಷ್ಟ್ರೇ, ಆಟ ಗೊತ್ತಿಪ್ಪರಿಗೆ ಇದ್ರಗೆ ದುಡ್ ಮಾಡುಕ್ ಆತಿಲ್ಯಾ?"

ಅವನು ಮೂರ್ಖನಲ್ಲ. ಬೆಟ್ಟಿಂಗ್ ಕಲಿಸುವ ವಿಡಿಯೊಗಳನ್ನೆಲ್ಲ ಶ್ರದ್ಧೆಯಿಂದ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ತಂಡದ ಸರ್ವಿಸ್ ಬಲ ನೋಡು, ಲಿಫ್ಟರ್ ಗಾಯಗೊಂಡಿದ್ದಾನೆಯೇ ವಿಚಾರಿಸು, ದೂರ ಪ್ರಯಾಣ ಮಾಡಿ ಬಂದ ತಂಡದ ಮೇಲೆ ಕಟ್ಟಬೇಡ, ಕೈಯಲ್ಲಿರುವ ಹಣದಲ್ಲಿ ನೂರಕ್ಕೆ ಎರಡು ರೂಪಾಯಿಗಿಂತ ಹೆಚ್ಚು ಒಂದು ಪಂದ್ಯಕ್ಕೆ ಇಡಬೇಡ. ಆಟವನ್ನು ಅರಿಯಲು ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಇವನಿಗೆ ಗೊತ್ತಿರುವುದು ರೇಟು ನಿಗದಿ ಮಾಡುವವನಿಗೂ ಗೊತ್ತಿದೆ, ಇವನಿಗಿಂತ ಮೊದಲೇ ಗೊತ್ತಿದೆ. ಲಿಫ್ಟರ್ ಮೊಣಕಾಲು ಉಳುಕಿಸಿಕೊಂಡ ಸುದ್ದಿ ಇವನ ಫೋನಿಗೆ ಬರುವ ಹೊತ್ತಿಗೆ ರೇಟು ಬದಲಾಗಿರುತ್ತದೆ.

ಅವನನ್ನು ಕೂರಿಸಿಕೊಂಡು ಮಾಡಿದ ಲೆಕ್ಕವನ್ನು ಇಲ್ಲಿಯೂ ಬರೆಯುತ್ತೇನೆ, ಏಕೆಂದರೆ ಆ ವಿಡಿಯೊಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಒಂದು ತಂಡ ಎದುರಾಳಿಗಿಂತ ಖಚಿತವಾಗಿ ಉತ್ತಮ, ನೂರು ರ‍್ಯಾಲಿ ಆಡಿದರೆ 52 ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಅಂಕವನ್ನೂ ಬೇರೆಬೇರೆಯಾಗಿ ಪರಿಗಣಿಸಿದರೆ, 25 ಅಂಕಗಳ ಸೆಟ್ಟನ್ನು ಆ ತಂಡ ಗೆಲ್ಲುವ ಸಂಭವ ಶೇ 61ರ ಆಸುಪಾಸು. ಐದು ಸೆಟ್‌ಗಳ ಪಂದ್ಯ ಗೆಲ್ಲುವುದು ಸುಮಾರು ಶೇ 70. ಅಂದರೆ ಉತ್ತಮ ತಂಡ ಯಾವುದೆಂದು ನೀವು ಸರಿಯಾಗಿಯೇ ಗುರುತಿಸಿದರೂ ಹತ್ತರಲ್ಲಿ ಮೂರು ಸಲ ಅದು ಸೋಲುತ್ತದೆ. ನಮ್ಮ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಸೆಟ್ 15ಕ್ಕೇ ಮುಗಿಯುತ್ತದೆ. ಸೂಪರ್ ಪಾಯಿಂಟ್ ಕೇಳಿದರೆ ಒಂದೇ ರ‍್ಯಾಲಿಗೆ ಎರಡು ಅಂಕ. ಅಲ್ಲಿ ಅದೇ 52ರ ತಂಡ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರೆ ಹೆಚ್ಚು. ನೋಡುವವನಿಗೆ ಅದೇ ಸೊಗಸು. 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ಪ್ರಶಸ್ತಿ ಎತ್ತಿದಾಗ ನಾನು ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತಿದ್ದೆ. ಕೊನೆಯ ಅಂಕದವರೆಗೂ ಯಾರದೆಂದು ಹೇಳಲಾಗದಿರುವುದೇ ಈ ಆಟದ ಜೀವ, ಮತ್ತು ಅದೇ ಕಾರಣಕ್ಕೆ ಇದು ಹಣ ಕಟ್ಟುವವನ ಕೈಗೆ ಸಿಗುವುದಿಲ್ಲ.

ಶೇ 70 ಗೆದ್ದರೆ ಲಾಭವೇ ಅಲ್ಲವೇ ಎಂದು ಅವನು ಕೇಳಿದ. ಆಗಲೇ ರೇಟಿನ ಲೆಕ್ಕಕ್ಕೆ ಬಂದೆವು. ಉತ್ತಮ ತಂಡಕ್ಕೆ ಸಿಗುವ ರೇಟು ಯಾವಾಗಲೂ ಕಡಿಮೆ. ಅದನ್ನು ಬಿಡಿ, ಸಮಬಲದ ಪಂದ್ಯವನ್ನೇ ತೆಗೆದುಕೊಳ್ಳಿ. ಎರಡೂ ಕಡೆಗೆ 1.85 ರೇಟು ಎಂದುಕೊಳ್ಳೋಣ. ನೂರು ರೂಪಾಯಿ ಕಟ್ಟಿ ಗೆದ್ದರೆ 185 ಬರುತ್ತದೆ, ಸೋತರೆ ಏನೂ ಇಲ್ಲ. ಅರ್ಧ ಸಲ ಗೆದ್ದರೆ ಸರಾಸರಿ ಕೈಗೆ ಬರುವುದು 92 ರೂಪಾಯಿ 50 ಪೈಸೆ. ಪ್ರತಿ ನೂರಕ್ಕೂ ಏಳೂವರೆ ರೂಪಾಯಿ ಬಾಗಿಲಲ್ಲೇ ಕಳೆಯಿತು. ನಷ್ಟವಿಲ್ಲದೆ ಉಳಿಯಬೇಕಾದರೆ ಇಂಥ ನೂರು ಪಂದ್ಯಗಳಲ್ಲಿ 54ಕ್ಕಿಂತ ಹೆಚ್ಚು ಸರಿಯಾಗಿ ಹೇಳಬೇಕು, ವರ್ಷಗಟ್ಟಲೆ ಹೇಳುತ್ತಲೇ ಇರಬೇಕು. ಐದು ಪಂದ್ಯಗಳನ್ನು ಒಟ್ಟಿಗೆ ಕಟ್ಟಿ ದೊಡ್ಡ ಮೊತ್ತದ ಆಸೆ ತೋರಿಸುತ್ತಾರಲ್ಲ, ಅದರಲ್ಲಿ ಏಳೂವರೆಯ ಕಡಿತ ಐದು ಸಲ ಬೀಳುತ್ತದೆ: ನೂರು ರೂಪಾಯಿಯ ಬೆಲೆ ಸುಮಾರು 68ಕ್ಕೆ ಇಳಿಯುತ್ತದೆ.

ಅವನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿದ್ದ ಒಂದು ಉಪಾಯವಿತ್ತು. ಸೋತರೆ ಮುಂದಿನ ಸಲ ದುಪ್ಪಟ್ಟು ಕಟ್ಟು, ಒಮ್ಮೆ ಗೆದ್ದರೆ ಎಲ್ಲವೂ ವಾಪಸ್ ಬರುತ್ತದೆ ಎಂಬುದು. ನೂರರಿಂದ ಶುರು ಮಾಡಿ ಏಳು ಸಲ ಸೋತರೆ ಹೋದದ್ದು 12,700 ರೂಪಾಯಿ. ಎಂಟನೆಯದಕ್ಕೆ 12,800 ಕಟ್ಟಬೇಕು. ಗೆದ್ದ ಎಂದೇ ಇಟ್ಟುಕೊಳ್ಳಿ. 1.85ರ ರೇಟಿಗೆ ಲಾಭ 10,880. ಗೆದ್ದ ಮೇಲೂ 1,820 ರೂಪಾಯಿ ನಷ್ಟ! ಅವನು ಈ ಲೆಕ್ಕವನ್ನು ಎರಡು ಸಲ ತಾನೇ ಮಾಡಿ ನೋಡಿದ. ಮೀಟರ್ ಬಡ್ಡಿಯ ಸಾಲ ಹುಟ್ಟಿದ್ದೇ ಈ ದುಪ್ಪಟ್ಟಿನಿಂದ.

ಪಂದ್ಯ ನಡೆಯುತ್ತಿರುವಾಗಲೇ ಕಟ್ಟುವುದು ಇನ್ನೂ ಅಪಾಯ. ಮೊಬೈಲಿನಲ್ಲಿ ಬರುವ ನೇರಪ್ರಸಾರ ಕೆಲವು ಸೆಕೆಂಡು ತಡ. ಸರ್ವಿಸ್ ಮಾಡಿ ಬಾಲ್ ನೆಲಕ್ಕೆ ಬೀಳಲು ಅಷ್ಟೇ ಸಮಯ ಸಾಕು. ನೀವು ನೋಡುತ್ತಿರುವ ಅಂಕ ಅಲ್ಲಿ ಮುಗಿದೇ ಹೋಗಿರಬಹುದು. ಇನ್ನು ದೂರದ ಯಾವುದೋ ಊರಿನ ಪಂದ್ಯ ನಿಜವೇ ಎಂದು ಹೇಗೆ ನಂಬುತ್ತೀರಿ? 2022ರ ಜುಲೈಯಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಮೋಲಿಪುರದಲ್ಲಿ ಪೊಲೀಸರು ಭೇದಿಸಿದ ಪ್ರಕರಣ ನೆನಪಿರಬಹುದು. ಹೊಲದಲ್ಲಿ ಪಿಚ್ ಮಾಡಿ, ಕೂಲಿಯವರಿಗೂ ಕೆಲಸವಿಲ್ಲದ ಹುಡುಗರಿಗೂ ಬಣ್ಣದ ಜೆರ್ಸಿ ತೊಡಿಸಿ, ಅದನ್ನೇ ಐಪಿಎಲ್ ಎಂದು ತೋರಿಸಿ ರಷ್ಯಾದವರಿಂದ ಹಣ ಕಟ್ಟಿಸಿಕೊಂಡಿದ್ದರು. ಕಟ್ಟಿದ ರಷ್ಯನ್ನರೂ ತಮಗೆ ಆಟ ಗೊತ್ತು ಎಂದೇ ಭಾವಿಸಿದ್ದಿರಬೇಕು.

ಇನ್ನು ಕಾನೂನಿನ ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆಡಿದವನನ್ನು ಶಿಕ್ಷಿಸದಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ನಮ್ಮ ರಾಜ್ಯ 2021ರಲ್ಲಿ ಕಾನೂನು ತಿದ್ದಿ ತಂದ ಇಂಥದೇ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಅದರಲ್ಲಿ ಆಡಿದವನೂ ಜೈಲಿಗೆ ಹೆದರಬೇಕಿತ್ತು. ಹೆದರಿಕೆ ಇದ್ದರೆ ಹುಡುಗರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದಷ್ಟು ದಿನವೂ ಬಡ್ಡಿ ಬೆಳೆಯುತ್ತದೆ. ನನ್ನ ಆ ಹಳೆಯ ವಿದ್ಯಾರ್ಥಿಯ ತಾಯಿಗೆ ವಿಷಯ ತಿಳಿದದ್ದು ಸಾಲ ಕೊಟ್ಟವರು ಮನೆಯಂಗಳಕ್ಕೆ ಬಂದು ನಿಂತಾಗ.

ಕಾಯ್ದೆ ಬಂದಮೇಲೂ ಐಡಿ ಹಂಚುವವರು ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ಇದ್ದಾರೆ. ಆದ್ದರಿಂದ ಕೆಲಸ ಊರಿನಲ್ಲೇ ಆಗಬೇಕು. ಮಳೆ ನಿಂತು ಗದ್ದೆ ಕೊಯ್ಲಾದರೆ ನಮ್ಮಲ್ಲಿ ಪಂದ್ಯಾವಳಿಗಳು ಶುರು. ಯುವಕ ಮಂಡಲಗಳಲ್ಲಿ ನನ್ನ ಕೋರಿಕೆ ಇಷ್ಟು. ಅಂಕಣದ ಪಕ್ಕದಲ್ಲಿ ನಿಂತು ಫೋನಿನಲ್ಲಿ ಪ್ರತಿ ಅಂಕವನ್ನೂ ಯಾರಿಗೋ ಹೇಳುತ್ತಿರುವ ಅಪರಿಚಿತರು ಕಂಡರೆ ವಿಚಾರಿಸಿ. ಬೆಟ್ಟಿಂಗ್ ಆ್ಯಪ್‌ಗಳ ಹೆಸರಿರುವ ಜೆರ್ಸಿಯನ್ನು, ಎಷ್ಟೇ ಪುಕ್ಕಟೆಯಾಗಿ ಸಿಕ್ಕಿದರೂ, ಹುಡುಗರಿಗೆ ತೊಡಿಸಬೇಡಿ. ದಾನಿಗಳ ಹೆಸರು ಬರೆಸುವ ಬ್ಯಾನರಿನಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದೊಡ್ಡದಾಗಿ ಹಾಕಿಸಿ. ಹಗಲಿರುಳು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗಾಗಿಯೇ ಶಟ್ ಎಂಬ ಚಿಕಿತ್ಸಾಲಯವೂ ಇದೆ. ಮತ್ತು ಸಾಲದಲ್ಲಿ ಸಿಕ್ಕಿಕೊಂಡ ಹುಡುಗ ಯಾರೆಂದು ಗೊತ್ತಾದರೆ ಅವನನ್ನು ತಂಡದಿಂದ ಕೈಬಿಡಬೇಡಿ. ಸಂಜೆ ಐದಕ್ಕೆ ಅಭ್ಯಾಸಕ್ಕೆ ಕರೆಯಿರಿ. ಸಾಲ ಕೊಟ್ಟವರ ಹತ್ತಿರ ಮಾತಾಡಲು ಹಿರಿಯರೊಬ್ಬರು ಅವನ ಜೊತೆ ಹೋಗಲಿ.