ಹಲಗೆಯಿಂದ ಹೊರಬಂದ ತೋಳ

ತೆಳುವಾದ ಹಲಗೆಯ ಮೇಲೆ ಪ್ರಾಣಿಯ ಚಿತ್ರ ಬರೆದು, ಸಣ್ಣ ಗರಗಸದಿಂದ ಅಂಚು ಕೊಯ್ದು, ಗೋಡೆಗೆ ತೂಗುಹಾಕುವ ಕಲೆ ಉತ್ತರದ ಹಿಮದೇಶಗಳಲ್ಲಿ ಬಹು ಪ್ರಿಯವಾದುದು. ಅಲ್ಲಿನ ಮಾದರಿಗಳಲ್ಲಿ ಸೂಚಿಪರ್ಣಿ ಮರಗಳ ಸಾಲು, ಕವಲುಗೊಂಬಿನ ಸಾರಂಗ, ದಟ್ಟ ರೋಮದ ತೋಳ ಕಾಣುತ್ತವೆ. ಅವನ್ನೇ ನಕಲು ಮಾಡಿದರೆ ಗೋಡೆಗೆ ಅಂದ ಬಂದೀತು. ಮನೆಯ ಮಗುವಿಗೆ ತನ್ನ ನಾಡಿನ ಕಾಡು ತಿಳಿಯಲಾರದು.

ಕಲಬುರಗಿ ಜಿಲ್ಲೆಯ ಐನಾಪುರವನ್ನು ಒಳಗೊಂಡ ಚಿಂಚೋಳಿ ತಾಲ್ಲೂಕಿನಲ್ಲಿಯೂ ಕಾಡುಂಟು, ತೋಳವುಂಟು. ಸುಮಾರು 134 ಚದರ ಕಿಲೋಮೀಟರು ವಿಸ್ತಾರದ ಆ ಒಣ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಇಲ್ಲಿಯ ತೋಳ ಹಿಮದ ತೋಳದಂತಲ್ಲ; ಮೈ ಕೃಶ, ರೋಮ ಗಿಡ್ಡ. ಅದರ ನೆರೆಯಲ್ಲಿ ಕೃಷ್ಣಮೃಗ, ಕತ್ತೆಕಿರುಬ, ಕೊಂಡುಕುರಿಗಳಿವೆ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಚಿಕ್ಕದು. ಇದಕ್ಕಿಂತ ಸೊಗಸಾದ ಮಾದರಿ ಬೇರೆ ಬೇಕೆ? ಸೂಚಿಪರ್ಣಿಯ ಬದಲು ಮೂರೆಲೆಯ ಮುತ್ತುಗದ ಕೊಂಬೆಯನ್ನು ಬರೆಯಬಹುದು.

ಬಣ್ಣ ಬಳಿಯದೆ ಮರದ ಬಣ್ಣದಿಂದಲೇ ಚಿತ್ರ ಮೂಡಿಸುವ ಜಾಣ್ಮೆಯನ್ನು ಮೈಸೂರಿನ ಇನ್‌ಲೇ ಕುಶಲಕರ್ಮಿಗಳಿಂದ ಕಲಿಯಬೇಕು. ಕಪ್ಪುಛಾಯೆಯ ಬೀಟೆಯಲ್ಲಿ ಅವರು ಹಲಸಿನ ಹಳದಿ ಮುಂತಾದ ಬಗೆಬಗೆಯ ಮರಗಳ ತುಂಡುಗಳನ್ನು ಕೂಡಿಸಿ ಆನೆ, ಜಿಂಕೆ, ವನಗಳನ್ನು ಚಿತ್ರಿಸುತ್ತಾರೆ. ಆದರೆ ಬೀಟೆ ಈಗ ವಿರಳ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಕಾಡಿನ ಚಿತ್ರಕ್ಕಾಗಿ ಕಾಡನ್ನೇ ಕಡಿಯುವುದು ತರವಲ್ಲ. ಮನೆಯ ಕೆಲಸಕ್ಕೆ ಬಡಗಿಯ ಅಂಗಡಿಯಲ್ಲಿ ಉಳಿದ ಚೂರುಹಲಗೆಯೇ ಸಾಕು.

ಹಲಗೆಯ ಮೇಲೆ ಕಾರ್ಬನ್ ಕಾಗದವಿಟ್ಟು ಚಿತ್ರವನ್ನು ಇಳಿಸಿಕೊಳ್ಳಬೇಕು. ಪ್ರಾಣಿಯ ಕಾಲುಗಳ ಉದ್ದಕ್ಕೆ ಮರದ ಎಳೆ ಸಾಗುವಂತಿರಬೇಕು; ಅಡ್ಡವಾದರೆ ಕಾಲು ಮುರಿಯುವುದು ನಿಶ್ಚಯ. ಒಳಗಿನ ಕಿಂಡಿ ಕೊಯ್ಯಲು ಮೊದಲು ಸಣ್ಣ ರಂಧ್ರ ಕೊರೆದು, ಗರಗಸದ ಅಲಗನ್ನು ಬಿಚ್ಚಿ ಅದರೊಳಗೆ ತೂರಿಸಿ, ಮತ್ತೆ ಬಿಗಿಯಬೇಕು. ತಿರುವಿನಲ್ಲಿ ಅಲಗನ್ನು ಒತ್ತದೆ, ಹಲಗೆಯನ್ನೇ ಮೆಲ್ಲಗೆ ತಿರುಗಿಸಬೇಕು. ಕೊನೆಗೆ ಮರಳುಕಾಗದದಿಂದ ಉಜ್ಜಿದರೆ ಅಂಚು ನಯವಾಗುತ್ತದೆ. ಮಕ್ಕಳು ಗರಗಸ ಹಿಡಿದಾಗ ಹಿರಿಯರು ಪಕ್ಕದಲ್ಲಿರಲಿ.

ಕುರಿ ಕಳೆದುಕೊಂಡ ಕುರಿಗಾಹಿಗೆ ತೋಳ ವೈರಿ. ಅವನ ಸಂಕಟ ಸುಳ್ಳಲ್ಲ. ಕಾನೂನಿನ ದೃಷ್ಟಿಯಲ್ಲಿ ಅದೇ ತೋಳ ಅತ್ಯಂತ ರಕ್ಷಣೀಯ ಪ್ರಾಣಿಗಳ ಸಾಲಿಗೆ ಸೇರಿದೆ. ಎರಡನ್ನೂ ಮಗುವಿಗೆ ತಿಳಿಹೇಳಲು ಈ ಕೈಕೆಲಸದ ಸಂಜೆ ತಕ್ಕ ಸಮಯ. ಕೊಯ್ಯುವಾಗ ಕಾಲು ಮುರಿದರೆ ಇನ್ನೊಂದು ಹಲಗೆ ಸಿಕ್ಕೀತು. ಕಾಡಿನಿಂದ ಅಳಿದ ತೋಳವನ್ನು ಯಾವ ಹಲಗೆಯೂ ಮರಳಿ ಕೊಡಲಾರದು.